ಹಗಲು–ರಾತ್ರಿಯ ಕರಕುಶಲ ಚಟುವಟಿಕೆಗಳು: ತರೀಕೆರೆ ಸೀಮೆಯ ಎಳೆಯರ ಕಲಿಕೆಯ ನೆಲೆಯಲ್ಲಿ

ಹಗಲು–ರಾತ್ರಿಯ ಪಾಠಕ್ಕೆ ಎಳೆಯರ ತರಗತಿಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ದುಂಡಗೆ ಕತ್ತರಿಸಿದ ಒಂದು ಕಾಗದ. ಅರ್ಧಕ್ಕೆ ಹಳದಿ ಬಳಿದು ಸೂರ್ಯನನ್ನೂ ಉಳಿದರ್ಧಕ್ಕೆ ಕಪ್ಪು ಬಳಿದು ಚಂದ್ರ, ಚುಕ್ಕಿಗಳನ್ನೂ ಅಂಟಿಸುತ್ತಾರೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣ ನೀಡುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ, 2009–10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ–ಕಲಿ ಪದ್ಧತಿ ಮೊದಲ ತರಗತಿಗಳಲ್ಲಿ ಚಟುವಟಿಕೆಗೇ ಒತ್ತು ಕೊಟ್ಟಿತು. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟರವರೆಗಿನ ವಯಸ್ಸನ್ನು ಒಂದೇ ಹಂತವಾಗಿ ಕಂಡಿದೆ.

ಪಾಠ ಶುರುವಾಗುವ ಮೊದಲೇ ಮಗುವಿನ ತಲೆಯಲ್ಲಿ ರಾತ್ರಿಗೊಂದು ಕಾರಣ ಇರುತ್ತದೆ. ಕಪ್ಪು ಮೋಡವೇ ಕತ್ತಲೆ ತರುತ್ತದೆ ಎನ್ನುವ ಮಕ್ಕಳ ಉತ್ತರಗಳನ್ನು ಜೀನ್ ಪಿಯಾಜೆ 1920ರ ದಶಕದಲ್ಲೇ ದಾಖಲಿಸಿದ್ದರು. ಸ್ಟೆಲ್ಲಾ ವೊಸ್ನಿಯಾದು ಮತ್ತು ವಿಲಿಯಂ ಬ್ರೂವರ್ ಅವರ 1994ರ ಅಧ್ಯಯನದಲ್ಲಿ, ಸೂರ್ಯ ಗುಡ್ಡದ ಹಿಂದೆ ಇಳಿಯುತ್ತಾನೆ ಎಂಬಂಥ ವಿವರಣೆಗಳು ಅಮೆರಿಕದ ಕಿರಿಯ ಮಕ್ಕಳಲ್ಲಿ ಕಂಡುಬಂದವು. ಕಡೂರು ಬಯಲಿನ ಮಗುವಿಗೆ ಇದು ಕಲ್ಪನೆಯೂ ಅಲ್ಲ. ಪಡುವಣದ ಬಾಬಾಬುಡನ್‌ಗಿರಿ ಸಾಲಿನ ಹಿಂದೆ ಸೂರ್ಯ ಇಳಿಯುವುದನ್ನು ಅದು ದಿನವೂ ನೋಡುತ್ತದೆ. ಇದನ್ನು ತಪ್ಪೆಂದು ತಳ್ಳುವುದಕ್ಕಿಂತ ನೋಟದ ಮೊದಲ ಮೆಟ್ಟಿಲೆಂದು ಒಪ್ಪಿಕೊಳ್ಳುವುದು ಮೇಲು.

ಹಳದಿ–ಕಪ್ಪು ಕಾಗದದ ದೋಷ ಬೇರೆಯದು. ಚಂದ್ರ ರಾತ್ರಿಯ ಸೊತ್ತು, ಸೂರ್ಯ ಹೋದ ಜಾಗಕ್ಕೆ ಅವನು ಬರುತ್ತಾನೆ ಎಂಬ ಭಾವನೆಯನ್ನು ಅದು ಬಲಪಡಿಸುತ್ತದೆ. ಕೃಷ್ಣಪಕ್ಷದ ಸಪ್ತಮಿ, ಅಷ್ಟಮಿಯ ಆಸುಪಾಸಿನಲ್ಲಿ ಬೆಳಿಗ್ಗೆ ಮಕ್ಕಳು ಅಂಗನವಾಡಿಗೆ ಬರುವ ಹೊತ್ತಿಗೆ ಚಂದ್ರ ಪಶ್ಚಿಮದ ಆಕಾಶದಲ್ಲೇ ಇರುತ್ತಾನೆ. ಗೋಡೆಯ ಕ್ಯಾಲೆಂಡರಿನ ತಿಥಿ ನೋಡಿಕೊಂಡು ಅಂಗಳಕ್ಕೆ ಕರೆದೊಯ್ದರೆ ಸಾಕು. ಆಮೇಲೆ ಹಳದಿ ಭಾಗದಲ್ಲೂ ಒಂದು ಬಿಳಿ ಚಂದ್ರ ಸೇರಲಿ. ರಾತ್ರಿ ಎಂದರೆ ನಿದ್ದೆ ಎಂಬ ಚಿತ್ರಪಟವೂ ಈ ಸೀಮೆಗೆ ಪೂರ್ತಿ ಹೊಂದದು. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಕೆಲಸ ದೀಪದ ಬೆಳಕಿನಲ್ಲೂ ಸಾಗುತ್ತದೆ. ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕಲು ಅಪ್ಪ ನಡುರಾತ್ರಿ ತೋಟಕ್ಕೆ ಹೋಗುವುದೂ ಉಂಟು.

ಸಾಮಗ್ರಿಗೆ ಪೇಟೆಗೆ ಹೋಗಬೇಕಾಗಿಲ್ಲ. ತರೀಕೆರೆ ಸುತ್ತಿನ ತೋಟಗಳಲ್ಲಿ ಉದುರುವ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ದೊಡ್ಡವರು ಅದನ್ನು ದುಂಡಗೆ ಕತ್ತರಿಸಿ, ಭಾರ ಹೇರಿ ಒಣಗಿಸಿ ಕೊಡಬೇಕು. ಎಳೆಯ ಕೈಯ ಕತ್ತರಿಗೆ ಹಾಳೆ ಜಗ್ಗುವುದಿಲ್ಲ. ನುಣುಪಾದ ಒಳಮೈ ಹಗಲಿಗೆ, ಹೊರಮೈ ರಾತ್ರಿಗೆ. ಹೊರಮೈಗೆ ಮೈದಾ ಅಂಟು ಸವರಿ ಇದ್ದಿಲ ಪುಡಿ ಉದುರಿಸಿ, ಒಣಗಿದ ಮೇಲೆ ಬೆರಳ ತುದಿಯನ್ನು ಕಲಸಿದ ಅಕ್ಕಿಹಿಟ್ಟಿನಲ್ಲಿ ಅದ್ದಿ ಚುಕ್ಕಿ ಇಡಿಸಬಹುದು. ಸುಣ್ಣ ಬೇಡ, ಅದು ಕಣ್ಣಿಗೆ ಅಪಾಯ. ಹಗಲಿನ ಮೈಗೆ ಹುಂಜ, ಕಾಗೆ. ರಾತ್ರಿಯ ಮೈಗೆ ಗೂಬೆ, ಬಾವಲಿ, ಮಿಂಚುಹುಳು. ಸಂಜೆ ಅರಳುವ ಸಂಜೆಮಲ್ಲಿಗೆಯನ್ನು ಎಲ್ಲಿ ಅಂಟಿಸುವುದು ಎಂದು ಮಕ್ಕಳೇ ವಾದಿಸಲಿ. ಹಗಲು–ರಾತ್ರಿಯ ನಡುವೆ ಗೆರೆ ಎಳೆದ ಗಡಿ ಇಲ್ಲವೆಂಬುದು ಆ ವಾದದಲ್ಲೇ ತಿಳಿಯುತ್ತದೆ.

ಇದಕ್ಕಿಂತ ಫಲಕಾರಿಯಾದದ್ದು ನೆರಳಿನ ಕೆಲಸ. ಅಂಗಳದಲ್ಲಿ ಕೋಲು ನೆಟ್ಟು, ನೆರಳಿನ ತುದಿಗೆ ಹೊತ್ತುಹೊತ್ತಿಗೆ ರಂಗೋಲಿ ಪುಡಿಯಿಂದ ಗುರುತು ಹಾಕಿಸಿದರೆ ಸೂರ್ಯನ ಹಾದಿ ನೆಲದ ಮೇಲೆ ಮೂಡುತ್ತದೆ. ತರೀಕೆರೆ ಸುಮಾರು 13.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಒಂದು ಮೀಟರ್ ಕೋಲಿನ ನಡುಹಗಲ ನೆರಳು ಡಿಸೆಂಬರ್ ಕೊನೆಯಲ್ಲಿ ಉತ್ತರಕ್ಕೆ ಸುಮಾರು 76 ಸೆಂಟಿಮೀಟರ್. ಜೂನ್ ಕೊನೆಯಲ್ಲಿ ದಕ್ಷಿಣಕ್ಕೆ 17 ಸೆಂಟಿಮೀಟರ್ ಮಾತ್ರ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ನಡುಭಾಗದಲ್ಲಿ ಸೂರ್ಯ ನೆತ್ತಿಗೆ ಬಂದು, ಹನ್ನೆರಡೂವರೆಯ ಆಸುಪಾಸಿಗೆ ನೆರಳು ಕೋಲಿನ ಬುಡ ಸೇರುತ್ತದೆ. ಮೊದಲನೆಯದು ಶಾಲೆಗಳಿಗೆ ಬೇಸಿಗೆ ರಜೆಯ ಕಾಲ, ಎರಡನೆಯದಕ್ಕೆ ಮಳೆಮೋಡದ ಅಡ್ಡಿ.

ಕೋಣೆಯೊಳಗೆ ಬಿಳಿ ಪಂಚೆ ಕಟ್ಟಿ, ಹಿಂದಿನಿಂದ ಟಾರ್ಚ್ ಬಿಟ್ಟು, ಕತ್ತರಿಸಿದ ಆಕೃತಿಗಳನ್ನು ಆಡಿಸುವುದು ತೊಗಲುಗೊಂಬೆಯಾಟದ ನಾಡಿಗೆ ಹೊಸದೇನಲ್ಲ. ಬೆಳಕಿಗೆ ವಸ್ತು ಅಡ್ಡವಾದರೆ ಕತ್ತಲೆ ಉಂಟಾಗುತ್ತದೆ ಎಂಬುದು ಇಲ್ಲಿ ಮಕ್ಕಳ ಕೈಗೇ ಸಿಗುತ್ತದೆ. ಗೋಳ ತಿರುಗಿಸಿ ಭೂಮಿಯ ಭ್ರಮಣ ವಿವರಿಸುವ ಪಾಠ ಆರು ವರ್ಷದೊಳಗಿನವರಿಗೆ ಅಕಾಲಿಕ. ಭೂಮಿ ದುಂಡಗಿದೆ ಎಂಬುದನ್ನೇ ಇನ್ನೂ ಒಪ್ಪದ ಮಗುವಿಗೆ ಅದು ಬಾಯಿಪಾಠವಾಗಿ ಉಳಿಯುತ್ತದೆ. ಅಂಗನವಾಡಿಯ ಮಟ್ಟಿಗೆ ನೆರಳು, ಹಾಳೆ ಮತ್ತು ಹಗಲಿನ ಚಂದ್ರ ಸಾಕು.