ದಾದರ್‌ನಿಂದ ಒಂದೇ ಲೋಕಲ್‌ನಲ್ಲಿ ಜಲಪಾತಗಳ ಕಾಡುದಾರಿ: ಗಾರ್ಬೆಟ್ ಚಾರಣಕ್ಕೆ ಹೊರಡುವ ಮುನ್ನ ಇದು ತಿಳಿದಿರಲಿ

ಮಳೆಗಾಲ ಶುರುವಾದರೆ ಸಾಕು, ರಜಾದಿನದ ಬೆಳಗಿನ ಕರ್ಜತ್ ಲೋಕಲ್‌ಗಳಲ್ಲಿ ಚಾರಣಿಗರ ದಂಡು ಕಾಣಿಸುತ್ತದೆ. ಅವರಲ್ಲಿ ಹಲವರು ಇಳಿಯುವುದು ನೇರಳ್ ಮತ್ತು ಕರ್ಜತ್ ನಡುವಿನ ಭಿವಪುರಿ ರೋಡ್ ನಿಲ್ದಾಣದಲ್ಲಿ. ಮಾಥೇರಾನ್ ಬೆಟ್ಟದ ಅಂಚಿನ ಗಾರ್ಬೆಟ್ ಪ್ರಸ್ಥಭೂಮಿಗೆ ಇಲ್ಲಿಂದಲೇ ದಾರಿ.

ಹೋಗುವುದು ಹೇಗೆ?

ದಾದರ್‌ನಿಂದ ಕರ್ಜತ್ ಅಥವಾ ಖೋಪೋಲಿ ಲೋಕಲ್ ಹಿಡಿದರೆ ಪ್ರಯಾಣ ಸುಮಾರು ಎರಡು ಗಂಟೆ. 2023ರ ಡಿಸೆಂಬರ್ 9ರಿಂದ ದಾದರ್‌ನ ಮಧ್ಯ ರೈಲ್ವೆ ಪ್ಲಾಟ್‌ಫಾರ್ಮ್‌ಗಳ ಸಂಖ್ಯೆ 8ರಿಂದ 14 ಆಗಿದೆ. 1ರಿಂದ 7 ಪಶ್ಚಿಮ ರೈಲ್ವೆಯವು. ಹಳೆಯ ಸಂಖ್ಯೆ ನಂಬಿ ಹೋದರೆ ರೈಲು ತಪ್ಪುತ್ತದೆ.

ದಾರಿ ಹೇಗಿದೆ?

ನಿಲ್ದಾಣದಿಂದ ಡಿಕ್ಸಳ್ ಗ್ರಾಮ, ಪಾಲಿ-ಭೂತಿವಲಿ ಅಣೆಕಟ್ಟಿನ ಹಿನ್ನೀರು, ಸಾಗಾಚಿವಾಡಿ ದಾಟಿ ಕಾಡಿನೊಳಗೆ ಏರಬೇಕು. ದಾರಿಯುದ್ದಕ್ಕೂ ಸಣ್ಣಪುಟ್ಟ ಜಲಪಾತಗಳಿವೆ. ಪ್ರಸ್ಥಭೂಮಿ ತಲುಪಲು ಎರಡರಿಂದ ಮೂರು ಗಂಟೆ ಬೇಕು. ಹಗ್ಗ ಹಿಡಿದು ಹತ್ತುವ ಬಂಡೆಗಳಿಲ್ಲ, ಆದರೆ ಜಾರುವ ಕೆಸರು ಮತ್ತು ಕಡಿದಾದ ಏರು ಇರುವುದರಿಂದ ಇದು ಮಧ್ಯಮ ಶ್ರೇಣಿಯ ಚಾರಣ. ಮಂಜು ಕವಿದರೆ ಕಾಲುದಾರಿ ಕಾಣುವುದಿಲ್ಲ. ಹೊಸಬರು ಊರಿನ ಮಾರ್ಗದರ್ಶಿಯನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು.

ಬಂದ ದಾರಿಯಲ್ಲೇ ಇಳಿಯಲು ಮನಸ್ಸಿಲ್ಲದವರು ಗಾರ್ಬೆಟ್ ಪಾಯಿಂಟ್ ಮೂಲಕ ಮಾಥೇರಾನ್ ಸೇರಿ, ದಸ್ತೂರಿ ನಾಕಾದಿಂದ ಟ್ಯಾಕ್ಸಿಯಲ್ಲಿ ನೇರಳ್‌ಗೆ ಇಳಿದು ದಾದರ್ ಲೋಕಲ್ ಹಿಡಿಯಬಹುದು.

ಅಪಾಯ ಎಲ್ಲಿದೆ?

ಕೆಳಗೆ ಮಳೆಯಿಲ್ಲದಿದ್ದರೂ ಮೇಲಿನ ಬಯಲಿನಲ್ಲಿ ಸುರಿದ ನೀರು ಕಿರಿದಾದ ಹಳ್ಳಗಳಿಗೆ ನುಗ್ಗಿ, ನಿಮಿಷಗಳಲ್ಲೇ ಪ್ರವಾಹವಾಗುತ್ತದೆ. ನೀರು ಕೆಂಪಾಗುವುದು, ಕಸಕಡ್ಡಿ ತೇಲಿಬರುವುದು, ಭೋರ್ಗರೆತ ಹೆಚ್ಚುವುದು ಇದರ ಮುನ್ಸೂಚನೆ. ಹಳ್ಳದಲ್ಲಿದ್ದರೆ ತಕ್ಷಣ ಎತ್ತರಕ್ಕೆ ಹೋಗಬೇಕು. ದಾಟಿ ಬಂದ ಹಳ್ಳ ಉಕ್ಕಿದ್ದರೆ ನೀರು ಇಳಿಯುವವರೆಗೆ ಕಾಯಬೇಕು. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಹಿಂಭಾಗದ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋಗಿದ್ದು ಇಂಥ ಏಕಾಏಕಿ ಪ್ರವಾಹದಿಂದಲೇ.

ನಿಷೇಧ ಇದೆಯೇ, ನೋಡಿಕೊಳ್ಳಿ

ಕರ್ಜತ್ ತಾಲ್ಲೂಕಿನ ಆಷಾಣೆ ಜಲಪಾತ, ಪಾಲಿ-ಭೂತಿವಲಿ ಅಣೆಕಟ್ಟು ಮುಂತಾದೆಡೆ ಮಳೆಗಾಲದಲ್ಲಿ ಆಡಳಿತ ನಿಷೇಧಾಜ್ಞೆ ಹೊರಡಿಸಿದ ಉದಾಹರಣೆಗಳಿವೆ. ಹೊರಡುವ ಮುನ್ನ ರಾಯಗಡ ಜಿಲ್ಲಾಡಳಿತದ ಆದೇಶ ಮತ್ತು ಹವಾಮಾನ ಇಲಾಖೆಯ ಮುನ್ನೆಚ್ಚರಿಕೆ ಎರಡನ್ನೂ ಗಮನಿಸಿ. ರಾಯಗಡಕ್ಕೆ ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಚಾರಣ ಮುಂದೂಡಿ.

ಹಿಡಿತವಿರುವ ಶೂ, ಕುಡಿಯುವ ನೀರು, ಟಾರ್ಚ್, ಒಣ ಬಟ್ಟೆ ಜೊತೆಗಿರಲಿ. ಮೊಬೈಲ್ ಸಿಗ್ನಲ್ ಎಲ್ಲೆಡೆ ಸಿಗದು, ಹಾಗಾಗಿ ಹೋಗುವ ದಾರಿ ಮತ್ತು ಮರಳುವ ಸಮಯವನ್ನು ಮನೆಯವರಿಗೆ ತಿಳಿಸಿ. ತುರ್ತು ಸಹಾಯಕ್ಕೆ 112ಕ್ಕೆ ಕರೆ ಮಾಡಬಹುದು.