ಮಣ್ಣಿನಲ್ಲಿ ಬೆಳೆದವರು: ಕರ್ನಾಟಕದ ಬೈಕ್ ರೇಸಿಂಗ್ ಮತ್ತು ಅದರ ಹೊಸ ಸವಾರರು

ಭಾರತದ ಮೋಟಾರ್‌ಸೈಕಲ್ ರೇಸಿಂಗ್‌ನಲ್ಲಿ ಎರಡು ಕವಲುಗಳಿವೆ. ಡಾಂಬರಿನ ಟ್ರ್ಯಾಕಿನಲ್ಲಿ ಸುತ್ತು ಹಾಕುವ ರೋಡ್ ರೇಸಿಂಗ್ ಒಂದು. ಮಣ್ಣು, ಮರಳು, ಕಲ್ಲುದಾರಿಗಳಲ್ಲಿ ನಡೆಯುವ ಮೋಟೊಕ್ರಾಸ್ ಮತ್ತು ರ‍್ಯಾಲಿ ಇನ್ನೊಂದು. ಮೊದಲನೆಯದರ ರಾಷ್ಟ್ರೀಯ ಕಿರೀಟ ಬಹುಕಾಲದಿಂದ ಹೆಚ್ಚಾಗಿ ಚೆನ್ನೈ ಸವಾರರ ಕೈಯಲ್ಲೇ ಇದೆ. ಎರಡನೆಯದರಲ್ಲಿ ದೇಶಕ್ಕೆ ದಾರಿ ತೋರಿಸಿದವರು ಕರ್ನಾಟಕದವರು. ಟ್ರ್ಯಾಕು ಎಲ್ಲಿದೆ, ಬೈಕ್ ಕಾರ್ಖಾನೆ ಎಲ್ಲಿದೆ ಎಂಬುದೇ ಈ ಹಂಚಿಕೆಯನ್ನು ಬಹುಮಟ್ಟಿಗೆ ನಿರ್ಧರಿಸಿತು.

ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಲ್ಲಿ ಹುಟ್ಟಿತು. ಚೆನ್ನೈ ಹೊರವಲಯದ ಶೋಳಾವರಂನಲ್ಲಿ, ಯುದ್ಧಕಾಲದ ಹಳೆಯ ವಿಮಾನ ಓಡುದಾರಿಯ ಮೇಲೆ, ಕ್ಲಬ್ಬು ನಡೆಸುತ್ತಿದ್ದ ರೇಸುಗಳಿಗೆ ದೊಡ್ಡ ಜನಸಂದಣಿ ಸೇರುತ್ತಿತ್ತು. 1990ರಲ್ಲಿ ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟೈಯಲ್ಲಿ ಸುಮಾರು 3.7 ಕಿಲೋಮೀಟರ್ ಉದ್ದದ, 12 ತಿರುವುಗಳ ಕಾಯಂ ಟ್ರ್ಯಾಕು ಸಿದ್ಧವಾಯಿತು. 2003ರಲ್ಲಿ ಕೊಯಮತ್ತೂರಿನ ಕರಿ ಟ್ರ್ಯಾಕು ಜೊತೆಗೂಡಿತು. ಕರ್ನಾಟಕದಲ್ಲಿ ಈ ಮಟ್ಟದ ಕಾಯಂ ಟ್ರ್ಯಾಕು ಕಟ್ಟಲೇ ಇಲ್ಲ. ಬೈಕು ಯಾವ ತಿರುವಿನಲ್ಲಿ ಎಷ್ಟು ವಾಲಬೇಕು, ಬ್ರೇಕನ್ನು ಎಲ್ಲಿ ಹಿಡಿದು ಎಲ್ಲಿ ಬಿಡಬೇಕು ಎಂಬುದು ಸಾವಿರಾರು ಲ್ಯಾಪುಗಳಲ್ಲಿ ಮೈಗೂಡುವ ವಿದ್ಯೆ. ಚೆನ್ನೈ ಹುಡುಗನಿಗೆ ಮನೆ ಬಾಗಿಲಲ್ಲೇ ಸಿಗುವ ಆ ಲ್ಯಾಪುಗಳಿಗಾಗಿ ಬೆಂಗಳೂರಿನ ಹುಡುಗ ಬೈಕನ್ನು ಗಾಡಿಯಲ್ಲಿ ಹೇರಿಕೊಂಡು ಪಕ್ಕದ ರಾಜ್ಯಕ್ಕೆ ಹೋಗಬೇಕು.

ಬೈಕು ಕಟ್ಟುವ ಕೆಲಸದಲ್ಲಿ ಮಾತ್ರ ಕರ್ನಾಟಕ ಮುಂಚೂಣಿಯಲ್ಲಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಉತ್ಪಾದನೆ ಶುರುಮಾಡಿತು. 1973ರಿಂದ ಅದರ ಬೈಕುಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1978ರ ರೋಡ್‌ಕಿಂಗ್ ಇಂದಿಗೂ ಹಳೆಯ ಸವಾರರ ಬಾಯಲ್ಲಿದೆ. 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, ಗಟ್ಟಿ ಚಾಸಿ, ಯಾವ ಗ್ಯಾರೇಜಿನಲ್ಲಾದರೂ ಬಿಚ್ಚಿ ಜೋಡಿಸಬಹುದಾದ ಸರಳ ರಚನೆ: ಒರಟು ದಾರಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂದು ಹಗುರ ಬೈಕಿನ ರುಚಿ ಹತ್ತಿಸಿತು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಷ್ಟರಲ್ಲಿ ರೇಸಿಂಗ್‌ನ ಕೇಂದ್ರ ಹೊಸೂರಿಗೆ ಸರಿದಿತ್ತು. ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುವ ಈ ಗಡಿಯೂರಿನ ಟಿವಿಎಸ್ ಕಂಪನಿ 1982ರಿಂದಲೇ ರೇಸಿಂಗ್ ತಂಡ ಕಟ್ಟಿಕೊಂಡಿತ್ತು. ಬೆಂಗಳೂರಿನಿಂದ ಹೊಸೂರಿಗೆ ಒಂದು ಗಂಟೆಯ ದಾರಿ. ಕರ್ನಾಟಕದ ಮುಂದಿನ ತಲೆಮಾರಿನ ಸವಾರರಲ್ಲಿ ಹಲವರು ಈ ತಂಡದ ಬಾಗಿಲಿನಿಂದಲೇ ಒಳಬಂದರು.

ಡಾಂಬರಿನ ಮೇಲೆ ದೊರೆಯಾಗಿ ಮೆರೆದವರು ಟಿವಿಎಸ್‌ನ ಜಗನ್ ಕುಮಾರ್. ಚೆನ್ನೈನ ಈ ಸವಾರ 2010ರ ದಶಕದುದ್ದಕ್ಕೂ, ಮುಖ್ಯವಾಗಿ 165 ಸಿಸಿ ವರ್ಗದಲ್ಲಿ, ಮತ್ತೆ ಮತ್ತೆ ರಾಷ್ಟ್ರೀಯ ಚಾಂಪಿಯನ್ ಆದರು. ಅವರನ್ನು ಬೆನ್ನಟ್ಟಿದವರ ಪಟ್ಟಿಯೂ ಅದೇ ಊರಿನದು: ರಜನಿ ಕೃಷ್ಣನ್, ಕೆ.ವೈ. ಅಹ್ಮದ್, ದೀಪಕ್ ರವಿಕುಮಾರ್, ಮದನ ಕುಮಾರ್, ರಾಜೀವ್ ಸೇತು. ರಾಜೀವ್ ಸೇತು ಹೋಂಡಾ ತಂಡದಿಂದ ಏಷ್ಯಾ ರೋಡ್ ರೇಸಿಂಗ್ ಚಾಂಪಿಯನ್‌ಷಿಪ್‌ವರೆಗೂ ಹೋದರು. ಇವರ ಸಾಲಿನಲ್ಲಿ ಕರ್ನಾಟಕದ ಹೆಸರು ಬಹಳ ವರ್ಷ ಕಾಣಲಿಲ್ಲ. ಪ್ರತಿಭೆಗೆ ಕೊರತೆಯಿತ್ತು ಎಂದು ಇದರಿಂದ ತೀರ್ಮಾನಿಸುವುದು ತಪ್ಪು; ಅದೇ ವರ್ಷಗಳಲ್ಲಿ ಬೆಂಗಳೂರಿನ ಸವಾರರು ಮಣ್ಣಿನ ಮೇಲೆ ಮಾಡಿದ್ದನ್ನು ನೋಡಿದರೆ ಸಾಕು.

ಬೆಂಗಳೂರಿನಲ್ಲಿ ಬೆಳೆದ ಸಿ.ಎಸ್. ಸಂತೋಷ್ 1983ರಲ್ಲಿ ಹುಟ್ಟಿದವರು. ದಿಬ್ಬ ಹಾರಿಸುವ ಮೋಟೊಕ್ರಾಸ್, ಸೂಪರ್‌ಕ್ರಾಸ್‌ಗಳಲ್ಲಿ ಪಳಗಿ, ರೇಡ್ ದ ಹಿಮಾಲಯದಂಥ ದೂರದ ರ‍್ಯಾಲಿಗಳಲ್ಲಿ ಗೆದ್ದು, ಕೊನೆಗೆ ಮರುಭೂಮಿಯ ಕಡೆ ಮುಖ ಮಾಡಿದರು. ಅಬುಧಾಬಿಯ ಮರುಭೂಮಿ ರ‍್ಯಾಲಿಯಲ್ಲಿ ಬೈಕಿಗೆ ಬೆಂಕಿ ಹತ್ತಿ ಮೈ ಸುಟ್ಟುಕೊಂಡರೂ ಹಿಂದೆ ಸರಿಯಲಿಲ್ಲ. 2015ರ ಜನವರಿಯಲ್ಲಿ ಅರ್ಜೆಂಟೀನಾ, ಚಿಲಿ, ಬೊಲಿವಿಯಾಗಳಲ್ಲಿ ನಡೆದ ಡಕಾರ್ ರ‍್ಯಾಲಿಗೆ ಕೆಟಿಎಂ ಬೈಕಿನಲ್ಲಿ ಹೊರಟು 36ನೆಯವರಾಗಿ ಗುರಿ ಮುಟ್ಟಿದರು. ಆ ರ‍್ಯಾಲಿಗೆ ಇಳಿದ ಮೊದಲ ಭಾರತೀಯ ಬೈಕ್ ಸವಾರ ಅವರೇ, ಮುಗಿಸಿದ ಮೊದಲಿಗರೂ ಅವರೇ.

ಈ 36ನೇ ಸ್ಥಾನದ ತೂಕ ತಿಳಿಯಬೇಕಾದರೆ ಡಕಾರ್ ಎಂದರೇನು ಎಂದು ತಿಳಿದಿರಬೇಕು. ಎರಡು ವಾರ, ಎಂಟು-ಒಂಬತ್ತು ಸಾವಿರ ಕಿಲೋಮೀಟರ್. ಒಂದೊಂದು ದಿನ ನೂರಾರು ಕಿಲೋಮೀಟರ್ ಓಟ. ಮುಂದೆ ಗುರುತಿನ ರಸ್ತೆ ಇರುವುದಿಲ್ಲ. ಹ್ಯಾಂಡಲ್ ಮೇಲಿನ ರೋಡ್‌ಬುಕ್ಕನ್ನು ಸವಾರ ಓಡುತ್ತಲೇ ಓದಬೇಕು: ಎಷ್ಟು ದೂರಕ್ಕೆ ಹಳ್ಳ, ಯಾವ ಕೋನಕ್ಕೆ ತಿರುವು, ಎಲ್ಲಿ ಅಪಾಯ. ಕಣ್ಣು ಕ್ಷಣ ತಪ್ಪಿದರೆ ದಾರಿ ತಪ್ಪುತ್ತದೆ. ದಾರಿ ಹುಡುಕುವ ಆತುರದಲ್ಲಿ ಬಿದ್ದವರು ಹಲವರು. 2015ರಲ್ಲಿ ಹೊರಟ ಬೈಕುಗಳಲ್ಲಿ ಅರ್ಧದಷ್ಟು ಮಾತ್ರ ಕೊನೆ ಕಂಡವು. ಆ ವರ್ಷ ಗೆದ್ದ ಸ್ಪೇನಿನ ಮಾರ್ಕ್ ಕೋಮಾಗೆ ಅದು ಐದನೇ ಡಕಾರ್ ಕಿರೀಟ. 2005ರಿಂದ 2015ರವರೆಗೆ ನಡೆದ ಪ್ರತಿ ಡಕಾರನ್ನೂ ಕೋಮಾ ಇಲ್ಲವೇ ಫ್ರಾನ್ಸಿನ ಸಿರಿಲ್ ಡೆಪ್ರೆ ಗೆದ್ದಿದ್ದರು; ಕೆಟಿಎಂ ಕಂಪನಿಯಂತೂ 2001ರಿಂದ 2019ರವರೆಗೆ ಸೋಲನ್ನೇ ಕಾಣಲಿಲ್ಲ. ಅಂಥ ಕೋಟೆಯೊಳಗೆ, ಹೆಸರೇ ಇಲ್ಲದ ದೇಶದಿಂದ ಬಂದು ಹೊರಬರುವುದೇ ಮೊದಲ ಗೆಲುವು.

ಸಂತೋಷ್ ನಂತರ ಹೀರೊ ಕಂಪನಿಯ ಹೊಸ ರ‍್ಯಾಲಿ ತಂಡ ಸೇರಿ 2017ರಲ್ಲಿ 47ನೇ, 2018ರಲ್ಲಿ 34ನೇ ಸ್ಥಾನ ಪಡೆದರು. 2020ರಲ್ಲಿ ತಂಡದ ಸಹಸವಾರ ಪೋರ್ಚುಗಲ್‌ನ ಪಾವ್ಲೊ ಗೊನ್ಸಾಲ್ವೆಸ್ ಓಟದಲ್ಲೇ ತೀರಿಕೊಂಡಾಗ ಇಡೀ ತಂಡ ಹಿಂದೆ ಸರಿಯಿತು. 2021ರ ಜನವರಿ 6ರಂದು, ಸೌದಿ ಅರೇಬಿಯಾದಲ್ಲಿ ನಡೆದ ಡಕಾರ್‌ನ ನಾಲ್ಕನೇ ಹಂತದಲ್ಲಿ, ಸಂತೋಷ್ ಅವರೇ ಬಿದ್ದು ತಲೆಗೆ ಪೆಟ್ಟಾಗಿ ರಿಯಾದಿನ ಆಸ್ಪತ್ರೆಯಲ್ಲಿ ದಿನಗಟ್ಟಲೆ ಕೃತಕ ಕೋಮಾದಲ್ಲಿದ್ದರು. ಬದುಕಿ ಊರಿಗೆ ಮರಳಿದ್ದು ದೊಡ್ಡ ಸಮಾಧಾನ. ಕೋಲಾರದ ಬಳಿ ಅವರು ಕಟ್ಟಿದ ಬಿಗ್ ರಾಕ್ ಮಣ್ಣಿನ ಟ್ರ್ಯಾಕು ಅವರ ಡಕಾರ್ ಸ್ಥಾನಗಳಿಗಿಂತ ದೀರ್ಘಕಾಲ ಉಳಿಯುವ ಕೊಡುಗೆ: ಮಣ್ಣಿನಲ್ಲಿ ಬೈಕು ಹಿಡಿಯುವುದನ್ನು ಅಲ್ಲಿ ಕ್ರಮವಾಗಿ ಕಲಿಸಿದರು.

ಉಡುಪಿ ಮೂಲದ ಕೆ.ಪಿ. ಅರವಿಂದ್ ಟಿವಿಎಸ್ ಹಾಗೂ ಫ್ರಾನ್ಸಿನ ಶೆರ್ಕೊ ಜೊತೆಯಾದ ತಂಡದ ಸವಾರ. 2017, 2018ರ ಡಕಾರ್‌ಗಳಲ್ಲಿ ಮಧ್ಯದಲ್ಲೇ ನಿಲ್ಲಬೇಕಾಯಿತು. 2019ರಲ್ಲಿ, ಪೂರ್ತಿ ಪೆರುವಿನ ಮರಳಿನಲ್ಲೇ ನಡೆದ ರ‍್ಯಾಲಿಯಲ್ಲಿ, 37ನೆಯವರಾಗಿ ಮುಗಿಸಿದರು. ಆ ವರ್ಷ ಗುರಿ ಮುಟ್ಟಿದ ಏಕೈಕ ಭಾರತೀಯ. 2021ರ ಕನ್ನಡ ಬಿಗ್ ಬಾಸ್‌ನಲ್ಲಿ ಎರಡನೇ ಸ್ಥಾನ ಪಡೆದದ್ದರಿಂದ ಅವರ ಮುಖ ಮನೆಮನೆಗೂ ಪರಿಚಯವಾಯಿತು. ಬೈಕ್ ರೇಸ್ ಎಂದರೆ ರಸ್ತೆಯಲ್ಲಿ ಪುಂಡಾಟಿಕೆ ಎಂದುಕೊಂಡಿದ್ದ ಎಷ್ಟೋ ಕುಟುಂಬಗಳಿಗೆ ಇದೂ ಒಂದು ಶಿಸ್ತಿನ ಕ್ರೀಡೆ ಎಂದು ತಿಳಿದದ್ದು ಅಲ್ಲಿಂದಲೇ ಇರಬೇಕು. ಬೆಂಗಳೂರಿನ ಆರ್. ನಟರಾಜ್, ಅಬ್ದುಲ್ ವಹೀದ್ ತನ್ವೀರ್, ಯುವ ಕುಮಾರ್ ದೇಶದೊಳಗಿನ ರ‍್ಯಾಲಿಗಳಲ್ಲಿ ಹೆಸರು ಮಾಡಿದವರು.

ವಿಶ್ವಮಟ್ಟದ ಪ್ರಶಸ್ತಿ ಮೊದಲು ತಂದುಕೊಟ್ಟದ್ದು ಮಾತ್ರ ಒಬ್ಬ ಮಹಿಳೆ. 1995ರಲ್ಲಿ ಹುಟ್ಟಿದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಟ್ರ್ಯಾಕು, ರ‍್ಯಾಲಿ ಎರಡರಲ್ಲೂ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. 2018ರಲ್ಲಿ ಸ್ಪೇನಿನ ಬಾಹಾ ಅರಾಗಾನ್‌ನಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ಗಂಭೀರ ಗಾಯವಾಯಿತು. ಮರುವರ್ಷವೇ ಮರಳಿದರು. 2019ರ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ (ಎಫ್‌ಐಎಂ) ಬಾಹಾ, ಅಂದರೆ ಕಿರು ರ‍್ಯಾಲಿಗಳ, ವಿಶ್ವಕಪ್‌ನಲ್ಲಿ ದುಬೈ ಸುತ್ತನ್ನು ಗೆದ್ದು, ಪೋರ್ಚುಗಲ್, ಸ್ಪೇನ್, ಇಟಲಿಗಳಲ್ಲಿ ಅಂಕ ಕೂಡಿಸಿಕೊಂಡು, ಹಂಗೇರಿಯ ಕೊನೆಯ ಸುತ್ತಿನ ಬಳಿಕ 65 ಅಂಕಗಳೊಂದಿಗೆ ಮಹಿಳಾ ವಿಭಾಗದ ಕಿರೀಟ ಧರಿಸಿದರು. ಎರಡನೆಯವರಾದ ಪೋರ್ಚುಗಲ್‌ನ ರೀಟಾ ವಿಯೇರಾ ಗಳಿಸಿದ್ದು 61. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರು. ಈ ಸಾಧನೆಗೆ ನಾಡಿನಲ್ಲಿ ಸಿಕ್ಕ ಪ್ರಚಾರ ಅದರ ಯೋಗ್ಯತೆಗೆ ಬಹಳ ಕಡಿಮೆ.

ಕರ್ನಾಟಕದ ಈ ಮುನ್ನಡೆಗೂ ಸವಾಲು ಬಂತು. ಕೇರಳದ ಶೊರನೂರಿನ ಹರಿತ್ ನೋವಾ 2021ರ ಡಕಾರ್‌ನಲ್ಲಿ 20ನೇ ಸ್ಥಾನಕ್ಕೇರಿದರು. 2024ರಲ್ಲಿ ಒಟ್ಟಾರೆ 11ನೆಯವರಾಗಿ, ಎರಡನೇ ಶ್ರೇಣಿಯ ರ‍್ಯಾಲಿ-2 ವರ್ಗವನ್ನೇ ಗೆದ್ದರು. ಸಂತೋಷ್ ತೆರೆದ ಬಾಗಿಲಿನಿಂದ ಹೊಕ್ಕ ಸವಾರ ಒಂಬತ್ತು ವರ್ಷಗಳಲ್ಲಿ ಸ್ಥಾನವನ್ನು 36ರಿಂದ 11ಕ್ಕೆ ತಂದದ್ದು ಯಾವ ಲೆಕ್ಕದಲ್ಲೂ ದೊಡ್ಡ ಜಿಗಿತ.

ಜಾಗತಿಕ ರೋಡ್ ರೇಸಿಂಗ್‌ನ ತುದಿಯಾದ ಮೋಟೊಜಿಪಿಯಲ್ಲಿ ಚಾಂಪಿಯನ್ನನ್ನು ಅಲುಗಾಡಿಸುವವರು ಹೇಗೆ ತಯಾರಾಗುತ್ತಾರೆ ಎಂಬುದು ಇಲ್ಲಿ ಪ್ರಸ್ತುತ. ಸ್ಪೇನಿನ ಮಾರ್ಕ್ ಮಾರ್ಕೆಸ್ 2013ರಿಂದ 2019ರೊಳಗೆ ಆರು ಬಾರಿ ಗೆದ್ದಿದ್ದರು. 2020ರಲ್ಲಿ ಹೆರೆಸ್ ಟ್ರ್ಯಾಕಿನಲ್ಲಿ ಬಿದ್ದು ಬಲತೋಳು ಮುರಿದ ಮೇಲೆಯೇ ಗದ್ದುಗೆ ಖಾಲಿಯಾಯಿತು. ನಂತರದ ಚಾಂಪಿಯನ್ನರಲ್ಲಿ 2022, 2023ರ ಫ್ರಾಂಚೆಸ್ಕೊ ಬಾನ್ಯಾಯ ಭಾರತದ ನಂಟುಳ್ಳವರು: 2016ರಲ್ಲಿ ಆಸೆನ್‌ನಲ್ಲಿ ಮೋಟೊ-3 ರೇಸನ್ನು ಅವರು ಗೆದ್ದದ್ದು ಮಹೀಂದ್ರಾ ಬೈಕಿನಲ್ಲಿ. 2025ರಲ್ಲಿ ಮಾರ್ಕೆಸ್ ಜಪಾನಿನ ಮೊಟೆಗಿಯಲ್ಲಿ ಏಳನೇ ಕಿರೀಟ ಖಚಿತಪಡಿಸಿಕೊಂಡು ಮರಳಿದರು. ಈಗ ಅವರ ಬೆನ್ನ ಹಿಂದೆ 2004ರಲ್ಲಿ ಹುಟ್ಟಿದ ಪೆದ್ರೊ ಅಕೋಸ್ಟಾ, 2005ರಲ್ಲಿ ಹುಟ್ಟಿದ ಫೆರ್ಮಿನ್ ಅಲ್ದೆಗೆರ್ ಇದ್ದಾರೆ. ಇವರೆಲ್ಲ ಎಳೆಯ ವಯಸ್ಸಿನಲ್ಲೇ ಪುಟ್ಟ ಬೈಕು ಹತ್ತಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದವರು. 2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೊಯಿಡಾದ ಬುದ್ಧ ಸರ್ಕ್ಯೂಟಿನಲ್ಲಿ ನಡೆದ ಮೋಟೊಜಿಪಿ ಭಾರತದ ಕಣ್ಣಿಗೆ ಈ ವೇಗವನ್ನು ತೋರಿಸಿತು. ಮರುವರ್ಷದ ಸ್ಪರ್ಧೆ ರದ್ದಾಯಿತು.

ಆ ಬಗೆಯ ಮೊದಲ ಮೆಟ್ಟಿಲು ಭಾರತದಲ್ಲಿ 2022ರ ಎಫ್‌ಐಎಂ ಮಿನಿಜಿಪಿ ಸರಣಿಯಿಂದ ಬಂತು. ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳು ಓಹ್ವಾಲೆ ಎಂಬ ಚಿಕ್ಕ ರೇಸ್ ಬೈಕಿನಲ್ಲಿ ಕಾರ್ಟಿಂಗ್ ಟ್ರ್ಯಾಕಿನ ಮೇಲೆ ಸ್ಪರ್ಧಿಸುತ್ತಾರೆ. ಕಾರ್ಟಿಂಗ್ ಟ್ರ್ಯಾಕು ಸಾಕು ಎಂದಾದಾಗ ಬೆಂಗಳೂರಿನ ಹಳೆಯ ಕೊರತೆ ನೀಗಿತು. ನಗರದ ಮೆಕೊ ಕಾರ್ಟೋಪಿಯಾದಲ್ಲೇ ಸುತ್ತುಗಳು ನಡೆದವು. ಈ ಸರಣಿಯಿಂದ ಹೊಳೆದ ಹೆಸರು ಬೆಂಗಳೂರಿನ ಬಾಲಕ ಕೊಪ್ಪರಂ ಶ್ರೇಯಸ್ ಹರೀಶ್. ಮಿನಿಜಿಪಿ ಇಂಡಿಯಾ ಪ್ರಶಸ್ತಿ ಗೆದ್ದು, ಸ್ಪೇನಿನ ರೇಸುಗಳಲ್ಲಿ ಐದನೇ ಮತ್ತು ನಾಲ್ಕನೇ ಸ್ಥಾನ ಪಡೆದು, 2023ರ ರಾಷ್ಟ್ರೀಯ ಋತುವಿನ ರೂಕಿ ವರ್ಗದಲ್ಲಿ ಸಾಲಾಗಿ ನಾಲ್ಕು ರೇಸು ಗೆದ್ದಿದ್ದ. ಡಾಂಬರಿನ ಕಿರೀಟವನ್ನು ಮುಂದೊಂದು ದಿನ ಬೆಂಗಳೂರಿಗೆ ತರಬಲ್ಲವನು ಎಂಬ ಭರವಸೆ ಹುಟ್ಟಿಸಿದ್ದ. 2023ರ ಆಗಸ್ಟ್ 5ರಂದು ಚೆನ್ನೈ ಟ್ರ್ಯಾಕಿನಲ್ಲಿ ಪೋಲ್ ಸ್ಥಾನದಿಂದ, ಅಂದರೆ ಎಲ್ಲರಿಗಿಂತ ಮುಂದಿನ ಸ್ಥಾನದಿಂದ, ಹೊರಟ ರೇಸಿನ ಆರಂಭದಲ್ಲೇ ಬಿದ್ದು, ಹದಿಮೂರನೇ ವಯಸ್ಸಿನಲ್ಲಿ ತೀರಿಕೊಂಡ. ಉಳಿದ ರೇಸುಗಳನ್ನು ಸಂಘಟಕರು ರದ್ದುಮಾಡಿದರು. ಮಕ್ಕಳು ಯಾವ ವಯಸ್ಸಿಗೆ ಯಾವ ಬೈಕು ಹತ್ತಬೇಕು, ಬಿದ್ದವರ ಮೇಲೆ ಹಿಂದಿನ ಬೈಕು ಹಾಯದಂತೆ ಒಂದು ಓಟದಲ್ಲಿ ಎಷ್ಟು ಮಂದಿ ಇರಬೇಕು ಎಂಬ ಪ್ರಶ್ನೆಗಳನ್ನು ಈ ಸಾವು ಮುಂದಿಟ್ಟಿತು. ವೇಗದ ಮಕ್ಕಳನ್ನು ಹುಡುಕುವ ಯಾವ ಯೋಜನೆಯೂ ಇವುಗಳಿಗೆ ಮೊದಲು ಉತ್ತರ ಕೊಡಬೇಕು.

ಸದ್ಯ ಟ್ರ್ಯಾಕಿನ ಮೇಲೆ ಕರ್ನಾಟಕದಿಂದ ಗಮನಿಸಬೇಕಾದವರು ಬೆಂಗಳೂರಿನ ಚಿರಂತ್ ವಿಶ್ವನಾಥ್. ಟಿವಿಎಸ್‌ನ ಏಷ್ಯಾ ಒನ್-ಮೇಕ್ ಸರಣಿಯಲ್ಲಿ ಅವರು ಆಗ್ನೇಯ ಏಷ್ಯಾ ಮತ್ತು ಜಪಾನಿನ ಅನುಭವಿಗಳೊಡನೆ ಸೆಣಸಿದ್ದಾರೆ. ಒನ್-ಮೇಕ್ ಎಂದರೆ ಎಲ್ಲರಿಗೂ ಒಂದೇ ಬಗೆಯ ಬೈಕು, ಇಲ್ಲಿ ಆರ್‌ಆರ್ 310. ಹಣವಂತರಿಗೆ ಹೆಚ್ಚು ಶಕ್ತಿಯ ಎಂಜಿನ್ ಸಿಗುವ ಅನುಕೂಲ ಇಲ್ಲದ ಕಾರಣ ಸವಾರನ ಕೈಚಳಕ ನೇರವಾಗಿ ಕಾಣುತ್ತದೆ. ಹೊಸಬರನ್ನು ಅಳೆಯಲು ಇದಕ್ಕಿಂತ ನ್ಯಾಯವಾದ ಮಾಪಕವಿಲ್ಲ.

ಇಷ್ಟು ಹೆಸರುಗಳಲ್ಲಿ ಉತ್ತರ ಕರ್ನಾಟಕದ್ದು ಒಂದೂ ಇಲ್ಲ. ವಿಜಯಪುರ ಜಿಲ್ಲೆ ಸೈಕಲ್ ಪಟುಗಳ ತವರು. ಇಲ್ಲಿನ ಮಕ್ಕಳು ರಾಷ್ಟ್ರಮಟ್ಟದ ಪದಕ ತಂದವರು. ವೇಗದ ಹಂಬಲ, ದಮ್ಮು, ಬಿದ್ದು ಏಳುವ ಗಟ್ಟಿತನ ಈ ನೆಲದಲ್ಲಿ ಧಾರಾಳವಾಗಿವೆ. ಆದರೆ ಸೈಕಲ್ಲಿಗೆ ಊರಿನ ರಸ್ತೆ ಸಾಕು, ರೇಸ್ ಬೈಕಿಗೆ ಟ್ರ್ಯಾಕು, ಟೈರು, ಮೆಕ್ಯಾನಿಕ್ಕು, ಚರ್ಮದ ಸೂಟು ಎಲ್ಲ ಬೇಕು. ತಿಕೋಟಾ ತಾಲ್ಲೂಕಿನ ಹೊನವಾಡದ ಹುಡುಗನಿಗೆ ಬೆಂಗಳೂರಿಗಿಂತ ಕೊಲ್ಹಾಪುರದ ಕಾರ್ಟಿಂಗ್ ಟ್ರ್ಯಾಕೇ ಹತ್ತಿರ. ಎರೆಹೊಲ, ದ್ರಾಕ್ಷಿ ತೋಟಗಳ ನಡುವಿನ ದಾರಿಗಳು ರ‍್ಯಾಲಿ ಸವಾರನಿಗೆ ಒಳ್ಳೆಯ ಪಾಠಶಾಲೆಯಾಗಬಲ್ಲವು. ಮಳೆಗಾಲದ ಎರೆಯಲ್ಲಿ ಚಕ್ರ ಜಾರದಂತೆ ಬೈಕು ಹಿಡಿದವರಿಗೆ ಮರಳು ಅಷ್ಟೇನೂ ಅಪರಿಚಿತವಲ್ಲ. ಸ್ಪರ್ಧೆಗಿಳಿಯಬೇಕಾದರೆ ಮಾನ್ಯತೆ ಪಡೆದ ತರಬೇತಿ ಶಾಲೆಯಲ್ಲಿ ಕಲಿತು, 1971ರಲ್ಲಿ ಸ್ಥಾಪನೆಯಾದ ಭಾರತೀಯ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟದಿಂದ (ಎಫ್‌ಎಂಎಸ್‌ಸಿಐ) ಪರವಾನಗಿ ಪಡೆಯಬೇಕು. ನಂತರ ನೋವಿಸ್ ಅಥವಾ ರೂಕಿ ವರ್ಗ, ಅಲ್ಲಿ ಗಮನ ಸೆಳೆದವರಿಗೆ ಕಾರ್ಖಾನೆ ತಂಡದ ಆಯ್ಕೆ. ಬೆಂಗಳೂರಿನ ಸವಾರರು ಹತ್ತಿದ ಏಣಿಯೂ ಇದೇ. ವಿಜಯಪುರದ ಕಡೆ ಇನ್ನೂ ಇಲ್ಲದಿರುವುದು ಅದರ ಮೊದಲ ಮೆಟ್ಟಿಲು: ಒಂದು ತರಬೇತಿ ಶಾಲೆ, ಒಂದು ಮಣ್ಣಿನ ಟ್ರ್ಯಾಕು.