ಬೆನಗಲ್ ಸೋದರರು, ಪೆರಂಬೂರು ಮತ್ತು ಬರ್ಮಾದ ಸಂವಿಧಾನ

ಚೆನ್ನೈನ ಪೆರಂಬೂರಿಗೂ ರಂಗೂನಿಗೂ ಇರುವ ನಂಟು ಮೊದಲು ತಿಳಿಯುವುದು ನಾಲಿಗೆಗೆ. ಪೆರಂಬೂರಿಗೆ ತಾಗಿಕೊಂಡ ವ್ಯಾಸರ್ಪಾಡಿಯಲ್ಲಿ ಅತ್ತೋ ಎಂಬ ಬರ್ಮಾ ನೂಡಲ್ಸ್ ಸಿಗುತ್ತದೆ. 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದ ಮೇಲೆ ಅಂಗಡಿ, ಕೆಲಸ ಕಳೆದುಕೊಂಡು ಹಡಗು ಹತ್ತಿದ ತಮಿಳರಲ್ಲಿ ಅನೇಕರು ನೆಲೆ ನಿಂತದ್ದು ಇಲ್ಲಿ. ಅವರು ಬಿಟ್ಟುಬಂದ ದೇಶದ ಸಂವಿಧಾನ ರೂಪುಗೊಳ್ಳುವಾಗ ಮಂಗಳೂರಿನವರೊಬ್ಬರು ನೆರವಾಗಿದ್ದರು ಎಂಬುದು ಕನ್ನಡಿಗರಲ್ಲೂ ಹೆಚ್ಚು ಜನರಿಗೆ ಗೊತ್ತಿಲ್ಲ.

ಅವರು ಬೆನಗಲ್ ನರಸಿಂಗ ರಾವ್. ಹುಟ್ಟಿದ್ದು 1887ರಲ್ಲಿ. ಮಂಗಳೂರಿನ ಕೆನರಾ ಹೈಸ್ಕೂಲು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಕೇಂಬ್ರಿಜ್, ಐಸಿಎಸ್. ಭಾರತದ ಸಂವಿಧಾನ ಸಭೆಯಲ್ಲಿ ಅವರಿಗೆ ಸದಸ್ಯತ್ವವಿರಲಿಲ್ಲ, ಮತವೂ ಇರಲಿಲ್ಲ. ಅವರು ಸಭೆಯ ಸಲಹೆಗಾರರು, ಅಂದರೆ ಕಚೇರಿಯ ಕಡೆಯವರು. 1947ರ ಅಕ್ಟೋಬರಿನಲ್ಲಿ 243 ವಿಧಿ, 13 ಅನುಸೂಚಿಗಳ ಮೊದಲ ಕರಡನ್ನು ಸಿದ್ಧಪಡಿಸಿದ್ದು ಇವರೇ.

ಅದೇ ವರ್ಷ ಬರ್ಮಾದ ಸಂವಿಧಾನ ಸಲಹೆಗಾರ ಊ ಚಾನ್ ಟೂನ್ ದೆಹಲಿಗೆ ಬಂದು ರಾವ್ ಜೊತೆ ಕೂತರು. ಇಬ್ಬರದೂ ಒಂದೇ ಹುದ್ದೆ, ಒಂದೇ ತಲೆನೋವು: ಬ್ರಿಟಿಷರು ಬಿಟ್ಟುಹೋಗುತ್ತಿರುವ, ನಾನಾ ಜನಾಂಗಗಳ ನಾಡನ್ನು ಕಾಗದದ ಮೇಲೆ ಒಂದು ಮಾಡುವುದು ಹೇಗೆ? ಶಾಸನಸಭೆಗಳ ಸಿಬ್ಬಂದಿಯನ್ನು ಪಕ್ಕದ ದೇಶಕ್ಕೆ ಕಳಿಸಿ ಕಲಿಸುವ ಫೆಲೋಶಿಪ್‌ಗಳು ಈಗ ಇವೆ. ಲೋಕಸಭಾ ಸಚಿವಾಲಯ 1976ರಲ್ಲಿ ತೆರೆದ ತರಬೇತಿ ಕೇಂದ್ರಕ್ಕೆ ಹೊರದೇಶಗಳ ಸಂಸತ್ತಿನ ನೌಕರರು ಶಾಸನ ಕರಡು ಬರೆಯುವುದನ್ನು ಕಲಿಯಲು ಬರುತ್ತಾರೆ. ಅಂಥ ಯಾವ ಏರ್ಪಾಡೂ ಇಲ್ಲದ ಕಾಲದಲ್ಲಿ ನಡೆದ ಕೆಲಸವಿದು. ವಿದೇಶಾಂಗ ಇತಿಹಾಸಗಳು ಪ್ರಧಾನಿಗಳ ಕೈಕುಲುಕಾಟಕ್ಕೆ ಕೊಟ್ಟಷ್ಟು ಜಾಗವನ್ನು ಇದಕ್ಕೆ ಕೊಟ್ಟಿಲ್ಲ.

ಜುಲೈ 19ರಂದು ಆಂಗ್ ಸಾನ್ ಮತ್ತು ಸಂಗಡಿಗರ ಕೊಲೆಯಾಯಿತು. ಆದರೂ ಸೆಪ್ಟೆಂಬರ್ 24ಕ್ಕೆ ಬರ್ಮಾ ತನ್ನ ಸಂವಿಧಾನವನ್ನು ಅಂಗೀಕರಿಸಿತು, ಭಾರತಕ್ಕಿಂತ ಎರಡು ವರ್ಷ ಮೊದಲು. ಅದು ಭಾರತದ ನಕಲಲ್ಲ. ಶಾನ್ ಮುಂತಾದ ರಾಜ್ಯಗಳಿಗೆ ಹತ್ತು ವರ್ಷದ ಮೇಲೆ ಒಕ್ಕೂಟದಿಂದ ಹೊರಹೋಗುವ ಹಕ್ಕನ್ನೂ ಅದು ಕೊಟ್ಟಿತ್ತು. ಭಾರತದ ಸಂವಿಧಾನದಲ್ಲಿ ಅಂಥ ಹಕ್ಕಿಲ್ಲ. ನೆರೆಯವರಿಗೆ ನೆರವಾಗುವುದೆಂದರೆ ತಮ್ಮ ಅಂಗಿಯನ್ನೇ ತೊಡಿಸುವುದಲ್ಲ ಎಂಬುದು ರಾವ್ ಅವರಿಗೆ ತಿಳಿದಿತ್ತು. 1948ರಲ್ಲಿ ಅವರು ಅಮೆರಿಕದ ಕಾನೂನು ಪತ್ರಿಕೆಯೊಂದರಲ್ಲಿ ಈ ಸಂವಿಧಾನದ ಬಗ್ಗೆ ಲೇಖನ ಬರೆದರು.

ಪೆರಂಬೂರಿಗೆ ಮುಟ್ಟುವುದು ಅದರ 11ನೇ ವಿಧಿ. ಬ್ರಿಟಿಷ್ ಆಳ್ವಿಕೆಯ ನೆಲದಲ್ಲಿ ಹುಟ್ಟಿ, ಹಿಂದಿನ ಹತ್ತು ವರ್ಷಗಳಲ್ಲಿ ಎಂಟು ವರ್ಷ ಬರ್ಮಾದಲ್ಲಿದ್ದವರು ಅಲ್ಲೇ ಉಳಿಯುವ ಮನಸ್ಸಿದ್ದರೆ ಪೌರತ್ವವನ್ನು ಆರಿಸಿಕೊಳ್ಳಬಹುದಿತ್ತು. 1942ರಲ್ಲಿ ಜಪಾನೀಯರಿಗೆ ಹೆದರಿ ಓಡಿಬಂದವರ ಗತಿ? ಎಣಿಕೆಯನ್ನು ಆ ವರ್ಷದ ಜನವರಿ 1ರಿಂದ ಹಿಂದಕ್ಕೂ ಮಾಡಬಹುದೆಂದು ವಿಧಿಯೇ ಹೇಳಿತ್ತು. ಬಾಗಿಲು ತೆರೆದಿತ್ತು, ಆದರೆ ಅದನ್ನು ಅರ್ಜಿ ಹಾಕಿ ದಾಟಬೇಕಿತ್ತು. ಬಂದರಿನ ಕೂಲಿಗೆ ಅರ್ಜಿ ಎಲ್ಲಿಂದ ಬರಬೇಕು? ಹಾಕದೆ ಉಳಿದವರೇ ಬಹಳ.

ಕೂಲಿಯವರ ಈ ಪಾಡನ್ನು ಹತ್ತಿರದಿಂದ ಕಂಡವರು ಅದೇ ಮನೆಯಲ್ಲಿದ್ದರು. ನರಸಿಂಗ ರಾಯರ ತಮ್ಮ ಬೆನಗಲ್ ಶಿವರಾವ್ ಮದರಾಸಿನ ಕಾರ್ಮಿಕ ಚಳವಳಿಯಲ್ಲಿ ಬೆಳೆದವರು. ಆ ಚಳವಳಿಯ ತವರು ಪೆರಂಬೂರು: ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರನ್ನು ಸೇರಿಸಿ ಬಿ.ಪಿ. ವಾಡಿಯಾ 1918ರ ಏಪ್ರಿಲ್ 27ರಂದು ಮದರಾಸ್ ಲೇಬರ್ ಯೂನಿಯನ್ ಕಟ್ಟಿದ್ದು ಇಲ್ಲೇ. ಗಿರಣಿಯವರು ವಾಡಿಯಾ ಮೇಲೆ ಹೈಕೋರ್ಟಿನಲ್ಲಿ ದಾವೆ ಹೂಡಿದರು. ಸಂಘ ಕಟ್ಟುವವರಿಗೆ ರಕ್ಷಣೆ ಬೇಕೆಂಬ ಕೂಗೆದ್ದು, 1926ರ ಟ್ರೇಡ್ ಯೂನಿಯನ್ ಕಾಯ್ದೆ ಬಂತು. ಶಿವರಾವ್ 1930ರ ದುಂಡುಮೇಜಿನ ಪರಿಷತ್ತಿಗೆ ಕಾರ್ಮಿಕರ ಪ್ರತಿನಿಧಿಯಾಗಿ ಹೋದರು, ಮುಂದೆ ಸಂವಿಧಾನ ಸಭೆಗೂ ಬಂದರು. ಅಣ್ಣ ಕಚೇರಿಯ ಕಡೆ, ತಮ್ಮ ಸದಸ್ಯರ ಸಾಲಿನಲ್ಲಿ. ಅಣ್ಣನ ಸಂವಿಧಾನದ ಬರಹಗಳನ್ನು 1960ರಲ್ಲಿ ಪುಸ್ತಕವಾಗಿ ಸಂಪಾದಿಸಿದವರೂ ಇವರೇ.

ನರಸಿಂಗ ರಾವ್ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದಾಗಲೇ 1953ರಲ್ಲಿ ಜ್ಯೂರಿಕ್‌ನಲ್ಲಿ ತೀರಿಕೊಂಡರು. 1962ರ ಮಾರ್ಚ್‌ನಲ್ಲಿ ಸೈನ್ಯ ಆ ಸಂವಿಧಾನವನ್ನು ಬದಿಗಿಟ್ಟಿತು. ಒಕ್ಕೂಟ ಒಡೆದೀತು ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು. ಅಂಗಡಿಗಳ ರಾಷ್ಟ್ರೀಕರಣ 1964ರಲ್ಲಿ. ಅಲ್ಲಿಂದ ಹಡಗುಗಳು ಮದರಾಸಿನ ಕಡೆ ತಿರುಗಿದವು. ಇಳಿದವರಲ್ಲಿ ಬಹಳ ಮಂದಿ ಬರ್ಮಾದಲ್ಲೇ ಹುಟ್ಟಿದವರು, ಮದರಾಸನ್ನು ಕಂಡದ್ದು ಅದೇ ಮೊದಲು.